ಬಿಗಿಯೂ ಸಡಿಲವೂ

ಪ್ರಯತ್ನವೆಂದರೆ ಬಿಗಿತವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು ನಿಂತವನು ಉದ್ಯಮಶೀಲನೆಂದೂ, ನಿರಾಳವಾಗಿರುವವನು ಸೋಮಾರಿಯೆಂದೂ ನಮ್ಮ ಎಣಿಕೆ. ಕಾಲಾವಕಾಶ ಕಡಮೆಯಾದಷ್ಟೂ ಈ ಎಣಿಕೆ ಬಲಗೊಳ್ಳುತ್ತದೆ. ಇದು ದಿಟವೇ? ಕ್ಷಣಕ್ಷಣಕ್ಕೂ ಬೆಲೆಯಿರುವ ಒಂದು ವಿದ್ಯೆಯಲ್ಲಿ ಇದನ್ನು ಒರೆಗೆ ಹಚ್ಚಿ ನೋಡೋಣ. ಅದು ಶೀಘ್ರಗತಿಯ ಪಿಸ್ತೂಲು ಸ್ಪರ್ಧೆ.

ಒಲಿಂಪಿಕ್ ಕ್ರೀಡೆಗಳಲ್ಲಿ ನಡೆಯುವ ಈ ಸ್ಪರ್ಧೆಯಲ್ಲಿ 25 ಮೀಟರು ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ಸ್ಪರ್ಧಿಯು ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು, ತೋಳನ್ನು ಓರೆಯಾಗಿ ಕೆಳಕ್ಕೆ ಚಾಚಿ ಕಾದಿರಬೇಕು. ಸೂಚನೆ ದೊರೆತೊಡನೆ ತೋಳೆತ್ತಿ ಐದು ಗುರಿಗಳಿಗೂ ಒಂದೊಂದು ಗುಂಡು ಹೊಡೆಯಬೇಕು. ಇದಕ್ಕೆ ಮೊದಲು 8 ಸೆಕೆಂಡು, ಬಳಿಕ 6, ಕಡೆಗೆ 4 ಸೆಕೆಂಡು ಮಾತ್ರ ಅವಕಾಶ.

ಬೆರಳಿನಿಂದ ಒತ್ತುವ ಟ್ರಿಗರಿಗೆ ಒಂದು ಕಿಲೋಗ್ರಾಮಿಗೆ ಕಡಮೆಯಿಲ್ಲದ ಒತ್ತಡ ಬೇಕು. ಪಿಸ್ತೂಲಿನ ತೂಕವೇ 1400 ಗ್ರಾಂ ಮೀರಕೂಡದು. ಅಷ್ಟು ಹಗುರವಾದ ವಸ್ತುವನ್ನು ಅಷ್ಟು ಬಲವಾಗಿ, ಆದರೆ ಅಲುಗಿಸದೆ ಒತ್ತುವುದೇ ಇಲ್ಲಿಯ ಕಷ್ಟ. ಪಿಸ್ತೂಲಿನ ಮುಂಗುರುತಿಗೂ ಹಿಂದಿನ ಕಚ್ಚಿಗೂ 20 ಸೆಂಟಿಮೀಟರು ಅಂತರವಿದೆಯೆನ್ನೋಣ. ಮುಂಗುರುತು ಒಂದೇ ಒಂದು ಮಿಲಿಮೀಟರು ಸರಿದರೆ 25 ಮೀಟರಿನಾಚೆ ಗುಂಡು 125 ಮಿಲಿಮೀಟರು ತಪ್ಪುತ್ತದೆ. ಹತ್ತು ಅಂಕದ ವೃತ್ತಕ್ಕಾದರೋ ನಡುವಿನಿಂದ ಅಂಚಿಗೆ 50 ಮಿಲಿಮೀಟರು ಮಾತ್ರ!

ಅವಸರದಲ್ಲಿ ತೋರುಬೆರಳನ್ನು ಸೆಳೆದಾಗ ಉಳಿದ ಬೆರಳುಗಳೂ ಅದರೊಡನೆ ಬಿಗಿಯುತ್ತವೆ. ಗುಂಡಿನ ಹಿನ್ನೂಕನ್ನು ಮೊದಲೇ ನಿರೀಕ್ಷಿಸಿ ಮಣಿಕಟ್ಟು ಮುಂದಕ್ಕೆ ತಳ್ಳುತ್ತದೆ. ನಳಿಗೆಯ ಮೂತಿ ಬಾಗುತ್ತದೆ. ಆದುದರಿಂದ ಬಲ್ಲವರು ಪಿಸ್ತೂಲನ್ನು ದೃಢವಾಗಿಯೇ ಹಿಡಿಯುತ್ತಾರೆ. ಆದರೆ ಆ ದೃಢತೆ ಮೊದಲಿನಿಂದ ಕಡೆಯವರೆಗೆ ಒಂದೇ ಸಮನಾಗಿರುತ್ತದೆ. ಭುಜ, ಕುತ್ತಿಗೆ, ದವಡೆಗಳು ಸಡಿಲವಾಗಿರುತ್ತವೆ. ಚಲಿಸುವುದು ತೋರುಬೆರಳೊಂದೇ, ಅದೂ ನೇರವಾಗಿ ಹಿಂದಕ್ಕೆ. ಹೀಗಾಗಿ ಸಡಿಲವೆಂದರೆ ಪ್ರಯತ್ನದ ಅಭಾವವಲ್ಲ. ಬೇಕಾದೆಡೆಯಲ್ಲಿ ಮಾತ್ರ ಪ್ರಯತ್ನವನ್ನಿರಿಸಿ, ಬೇಡದೆಡೆಯಿಂದ ಅದನ್ನು ಹಿಂತೆಗೆದುಕೊಳ್ಳುವುದು.

ಬೇಡದ ಬಿಗಿತ ಹುಟ್ಟುವುದು ಎಲ್ಲಿಂದ? ಗಡಿಯಾರದಿಂದಲ್ಲ, ಮನಸ್ಸಿನಿಂದ. ಎರಡನೆಯ ಗುಂಡು ತಪ್ಪಿತೆಂಬ ಪಶ್ಚಾತ್ತಾಪವೂ ಐದನೆಯದು ಗೆಲ್ಲಿಸಬೇಕೆಂಬ ಆಸೆಯೂ ಮೂರನೆಯ ಗುಂಡಿನ ಬೆರಳನ್ನು ಬಿಗಿಯುತ್ತವೆ. ಗೆಲ್ಲುವ ಇಚ್ಛೆ ತಪ್ಪೆಂದಲ್ಲ. ಆ ಇಚ್ಛೆಯಿಲ್ಲದವನು ಸ್ಪರ್ಧೆಗೆ ಬರುವುದೇ ಇಲ್ಲ. ಅದು ಅಭ್ಯಾಸಕ್ಕೆ ಪ್ರೇರಕವಾಗಲಿ; ಕಾರ್ಯಕಾಲದಲ್ಲಿ ಬೆರಳಿನ ಮೇಲೆ ಬಂದು ಕೂರದಿರಲಿ.

ಹಂಗೆರಿಯ ಸೈನಿಕ ಕಾರೊಲಿ ತಕಾಚ್ ಎಂಬವರ ಬಲಗೈ 1938ರಲ್ಲಿ ಕೈಬಾಂಬು ಸಿಡಿದು ಹಾಳಾಯಿತು. ಅವರು ಎಡಗೈಯಿಂದ ಮೊದಲಿನಿಂದ ಕಲಿತು, 1948ರಲ್ಲಿ ಲಂಡನ್ನಿನಲ್ಲಿಯೂ 1952ರಲ್ಲಿ ಹೆಲ್ಸಿಂಕಿಯಲ್ಲಿಯೂ ಇದೇ ಸ್ಪರ್ಧೆಯ ಚಿನ್ನದ ಪದಕ ಗೆದ್ದರು. 2012ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದವರು ನಮ್ಮ ಸೇನೆಯ ವಿಜಯ ಕುಮಾರ್. ನಾಲ್ಕು ಸೆಕೆಂಡುಗಳ ನಿರಾಳತೆ ಅನೇಕ ವರ್ಷಗಳ ದುಡಿಮೆಯ ಫಲ. ಸೋಮಾರಿಗೆ ಅದು ದಕ್ಕದು.

ಇಲ್ಲೊಂದು ಆಕ್ಷೇಪವುಂಟು. ನಡುಗದ ಕೈ ಕಾಗದದ ಗುರಿಯನ್ನು ಹೊಡೆದಂತೆಯೇ ನಿರಪರಾಧಿಯನ್ನೂ ಹೊಡೆಯಬಲ್ಲುದಲ್ಲವೆ? ಹೌದು. ಆದುದರಿಂದ ಚಿತ್ತದ ನಿಶ್ಚಲತೆಯನ್ನೇ ಧರ್ಮವೆಂದು ಕರೆಯಲಾಗದು. ಯಾವುದಕ್ಕೆ ಗುರಿಯಿಡಬೇಕೆಂಬುದನ್ನು ವಿವೇಕವು ಮೊದಲೇ ನಿರ್ಣಯಿಸಿರಬೇಕು. ಆದರೆ ವಿವೇಕವು ಆರಿಸಿದ ಗುರಿಯೂ ನಿಶ್ಚಲತೆಯಿಲ್ಲದೆ ಕೈಗೂಡದು. ಒಳ್ಳೆಯ ಉದ್ದೇಶದಿಂದಲೇ ನಡುಗುವ ಕೈಗಳು ಲೋಕದಲ್ಲಿ ಕಡಮೆಯಿಲ್ಲ.

ಉಪಾಧ್ಯಾಯರಾದ ನಮಗೆ ಇದು ದೂರದ ಮಾತಲ್ಲ. ಪರೀಕ್ಷೆಯ ಕೊನೆಯ ಗಳಿಗೆಯಲ್ಲಿ ನಾವು "ಬೇಗ, ಬೇಗ" ಎಂದು ಗದರಿದಾಗ ಮಗುವಿನ ಬರವಣಿಗೆ ವೇಗಗೊಳ್ಳುವುದಿಲ್ಲ. ಅದರ ಮುಷ್ಟಿ ಬಿಗಿದು ಪೆನ್ಸಿಲಿನ ಮೊನೆ ಮುರಿಯುತ್ತದೆ. ಮಗುವಿಗೆ ಶ್ರಮ ಬೇಕು, ಸಂದೇಹವಿಲ್ಲ. ಆ ಶ್ರಮವನ್ನು ವರ್ಷವಿಡೀ ಮಾಡಿಸುವುದು ನಮ್ಮ ಕರ್ತವ್ಯ. ಪರೀಕ್ಷೆಯ ಹೊತ್ತಿನಲ್ಲಿ ನಾವು ಮಾಡಬಹುದಾದ ಉಪಕಾರವೆಂದರೆ ಸುಮ್ಮನಿರುವುದು.