ಗೃಹಸ್ಥಧರ್ಮ ಮತ್ತು ಪ್ರಹ್ಲಾದರಾಜರ ತೀರ್ಪು



ದ್ಯೂತಸಭೆಯಲ್ಲಿ ದ್ರೌಪದೀದೇವಿಯು ಕೇಳಿದ ಪ್ರಶ್ನೆಗೆ ಹಿರಿಯರಿಂದ ನೇರವಾದ ಉತ್ತರ ಬರಲಿಲ್ಲವೆಂಬುದು ಸರ್ವವಿದಿತ. ಆಗ ವಿದುರನು ಸಭಾಸದರಿಗೆ ಒಂದು ಪೂರ್ವವೃತ್ತಾಂತವನ್ನು ಹೇಳುತ್ತಾನೆ. ಶ್ರೀರಾಘವೇಂದ್ರ ಗುರುಸಾರ್ವಭೌಮರ ಮೂಲರೂಪವೆಂದು ನಾವು ಆರಾಧಿಸುವ ಪ್ರಹ್ಲಾದರಾಜರ ವೃತ್ತಾಂತವದು.

ಪ್ರಹ್ಲಾದರ ಪುತ್ರ ವಿರೋಚನನಿಗೂ ಅಂಗಿರಸರ ಪುತ್ರ ಸುಧನ್ವನಿಗೂ ತಮ್ಮಲ್ಲಿ ಶ್ರೇಷ್ಠನಾರೆಂಬ ವಿವಾದ ಉಂಟಾಯಿತು. ಪ್ರಾಣವನ್ನೇ ಪಣವಾಗಿಟ್ಟು ಇಬ್ಬರೂ ನಿರ್ಣಯಕ್ಕಾಗಿ ಪ್ರಹ್ಲಾದರಲ್ಲಿಗೇ ಬಂದರು. ಪುತ್ರಸ್ನೇಹ ಒಂದೆಡೆ, ಸತ್ಯ ಮತ್ತೊಂದೆಡೆ. ಪ್ರಹ್ಲಾದರು ಕಶ್ಯಪರನ್ನು ಕೇಳಿದಾಗ ದೊರೆತ ಉತ್ತರದ ಸಾರವಿಷ್ಟು: ನಿಂದ್ಯವಾದುದನ್ನು ಸಭೆಯು ನಿಂದಿಸದಿದ್ದರೆ, ಆ ಪಾಪದ ಅರ್ಧಭಾಗ ಸಭೆಯ ಮುಖ್ಯನಿಗೆ, ಕಾಲುಭಾಗ ಮಾಡಿದವನಿಗೆ, ಉಳಿದ ಕಾಲುಭಾಗ ಸುಮ್ಮನೆ ಕುಳಿತವರಿಗೆ. ಪ್ರಹ್ಲಾದರು ಮಗನ ವಿರುದ್ಧವಾಗಿಯೇ ತೀರ್ಪಿತ್ತರು. ಪುತ್ರಮೋಹವನ್ನು ಬಿಟ್ಟು ಧರ್ಮದಲ್ಲಿ ನಿಂತ ತಂದೆಯನ್ನು ಕಂಡು ಪ್ರಸನ್ನನಾದ ಸುಧನ್ವನು ವಿರೋಚನನಿಗೆ ಪ್ರಾಣದಾನ ಮಾಡಿದನು. ತಂದೆಯ ನಿಷ್ಪಕ್ಷಪಾತವೇ ಮಗನನ್ನು ಉಳಿಸಿತು.

ಮನೆಯೂ ಒಂದು ಸಭೆಯೇ. ಮಗನು ಸೊಸೆಯ ಮೇಲೆ ಕೈಯೆತ್ತಿದಾಗ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಅತ್ತೆಮಾವಂದಿರು ತೇಲಿಸಿಬಿಡುವುದುಂಟು. ಏಟು ಜಗಳವಲ್ಲ, ಅಧರ್ಮ. ಒಳಕೋಣೆಯಿಂದ ಅಳು ಕೇಳುತ್ತಿರುವಾಗ ಹೊರಗೆ ಕುಳಿತು ಎಣಿಸಿದ ಜಪಕ್ಕೆ ಯಾವ ಫಲ? ಕಶ್ಯಪರ ಲೆಕ್ಕದಂತೆ ಹೊಡೆದವನಿಗಿಂತ ಹೆಚ್ಚಿನ ಪಾಲು ಮನೆಯ ಹಿರಿಯರದು.

ತತ್ತ್ವದೃಷ್ಟಿಯಿಂದಲೂ ನೋಡೋಣ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ; ಉಳಿದುದೆಲ್ಲವೂ ಅಸ್ವತಂತ್ರ. ಪತಿಯೂ ಅಸ್ವತಂತ್ರ, ಪತ್ನಿಯೂ ಅಸ್ವತಂತ್ರಳು. ಇಬ್ಬರ ಹೃದಯದಲ್ಲಿಯೂ ಬಿಂಬರೂಪಿಯಾಗಿ ನಿಂತವನು ಅವನೇ. "ಇವಳು ನನ್ನವಳು, ಏನು ಬೇಕಾದರೂ ಮಾಡಬಲ್ಲೆ" ಎನ್ನುವವನು ಹರಿಯ ಸ್ವಾತಂತ್ರ್ಯವನ್ನು ತನ್ನಲ್ಲಿ ಆರೋಪಿಸಿಕೊಳ್ಳುತ್ತಾನೆ. ಬೆಳಿಗ್ಗೆ ದ್ವಾದಶನಾಮ ಧರಿಸಿ ಸಂಜೆ ಹೆಂಡತಿಯನ್ನು ಹೊಡೆಯುವವನು, ಅವಳ ಅಂತರ್ಯಾಮಿಗೇ ಅಪಚಾರ ಮಾಡಿದಂತೆ. ಸಪ್ತಪದಿಯ ಏಳನೆಯ ಹೆಜ್ಜೆಯಲ್ಲಿ ಅವಳನ್ನು ಸಖಿಯೆಂದು ಒಪ್ಪಿದ ಮೇಲೆ ದಾಸಿಯಂತೆ ಕಾಣಲು ಅವಕಾಶವೆಲ್ಲಿ?

ಸಹನೆಯೇ ಪಾತಿವ್ರತ್ಯವಲ್ಲವೇ ಎಂದು ಕೆಲವರು ಕೇಳಬಹುದು. ಭಾರತೀದೇವಿಯ ಸನ್ನಿಧಾನವುಳ್ಳ ದ್ರೌಪದಿಯು ತುಂಬಿದ ಸಭೆಯಲ್ಲಿ ಪ್ರಶ್ನಿಸಿದಳು; ಕೀಚಕನ ಪೀಡೆಯನ್ನು ನುಂಗಿಕೊಳ್ಳದೆ ಭೀಮಸೇನದೇವರಲ್ಲಿ ನಿವೇದಿಸಿದಳು. ನೊಂದವಳು ಬಾಯಿಬಿಡುವುದು ಧರ್ಮವಿರುದ್ಧವಲ್ಲ.

ನಮ್ಮಂತಹ ಪ್ರವಾಸಿ ಕುಟುಂಬಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಧಾರವಾಡದಿಂದಲೋ ರಾಯಚೂರಿನಿಂದಲೋ ಮದುವೆಯಾಗಿ ಮುಂಬಯಿ, ಪುಣೆಗಳಿಗೆ ಬಂದ ಹೆಣ್ಣುಮಗಳಿಗೆ ತವರು ಒಂದು ರಾತ್ರಿಯ ಪ್ರಯಾಣದಷ್ಟು ದೂರ. ನೆರೆಯವರ ಭಾಷೆಯೂ ಹೊಸದು. ಗುರುವಾರ ಮಠದಲ್ಲಿ ಸೇರುವ ನಾವೇ ಅವಳಿಗೆ ತವರಿನವರು. ಬಾಡಿದ ಮುಖವನ್ನು ಕಂಡಾಗ ಹಿರಿಯ ಮುತ್ತೈದೆಯರು ಪಕ್ಕಕ್ಕೆ ಕರೆದು ವಿಚಾರಿಸಲಿ. ಕೇಳಿದ್ದನ್ನು ಹರಟೆಯ ವಿಷಯ ಮಾಡದಿರಲಿ. "ಹೊಂದಿಕೊಂಡು ಹೋಗು" ಎಂದಷ್ಟೇ ಹೇಳಿ ಅಪಾಯವಿರುವ ಮನೆಗೆ ಮರಳಿ ಕಳುಹಿಸದಿರಲಿ.

ರಾಜಶಾಸನವೂ ಇಲ್ಲಿ ಧರ್ಮದ ಪರವಾಗಿದೆ. 2005ರಲ್ಲಿ ರಚಿತವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯು ಹೊಡೆತವನ್ನಷ್ಟೇ ಅಲ್ಲದೆ ನಿಂದೆಯ ಮಾತು, ಲೈಂಗಿಕ ಪೀಡೆ, ಹಣಕಾಸಿನ ನಿರ್ಬಂಧಗಳನ್ನೂ ಹಿಂಸೆಯೆಂದೇ ಗಣಿಸುತ್ತದೆ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112. ಈ ಸಂಖ್ಯೆಗಳನ್ನು ಮನೆಯ ಹೆಣ್ಣುಮಕ್ಕಳಿಗೆಲ್ಲ ತಿಳಿಸಿಡುವುದು ಉಚಿತ.

ಗಂಡುಮಕ್ಕಳಿಗೆ ಉಪನಯನದಲ್ಲಿ ಸಂಧ್ಯಾವಂದನೆಯನ್ನು ಕಲಿಸುತ್ತೇವೆ. ಕೋಪ ಬಂದಾಗ ಕೈಯನ್ನೂ ನಾಲಿಗೆಯನ್ನೂ ತಡೆಯುವ ಪಾಠವನ್ನು ಅವರು ತಂದೆಯ ನಡತೆಯಿಂದಲೇ ಕಲಿಯಬೇಕು. ಪ್ರಹ್ಲಾದರಾಜರ ಧರ್ಮನಿಷ್ಠೆಯ ಒಂದಂಶವಾದರೂ ನಮ್ಮ ಗೃಹಗಳಲ್ಲಿ ನೆಲೆಸುವಂತೆ ಶ್ರೀಹರಿವಾಯುಗುರುಗಳು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.