ಬರುವವರೆಗೆ ಹಿಡಿದು ನಿಂತವರು

ಮನೆಗೆ ಬಂದ ಕಷ್ಟ ಕಳೆದ ಮೇಲೆ ನಾವು ನೆನೆಯುವುದು ಅದನ್ನು ಕೊನೆಗೆ ಪರಿಹರಿಸಿದವರನ್ನು. ಮಗುವಿನ ಜ್ವರ ಇಳಿಸಿದ ಡಾಕ್ಟರ ಕೈಗುಣವನ್ನು ವರ್ಷಗಟ್ಟಲೆ ಕೊಂಡಾಡುತ್ತೇವೆ. ಬೆಳಗಾಗಿ ಅವರು ಸಿಗುವವರೆಗೆ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ ಅಜ್ಜಿಯ ಮಾತು ಏಳುವುದೇ ಅಪರೂಪ. ಆಕೆ ಜ್ವರ ಬಿಡಿಸಲಿಲ್ಲ ನಿಜ, ಆದರೆ ಅದು ಕೈಮೀರದಂತೆ ತಡೆದಳು. ಯುದ್ಧಗಳ ಚರಿತ್ರೆ ಓದುವಾಗಲೂ ನಮ್ಮ ಕಣ್ಣು ಗೆದ್ದವರ ಹೆಸರಿನ ಮೇಲೇ ನಿಲ್ಲುತ್ತದೆ. ಗೆಲ್ಲಲು ಬೇಕಾದ ಹೊತ್ತನ್ನು ಯಾರೋ ಮೊದಲೇ ತಮ್ಮ ಪ್ರಾಣ ಕೊಟ್ಟು ಸಂಪಾದಿಸಿಟ್ಟಿರುತ್ತಾರೆ. 1947ರ ಅಕ್ಟೋಬರ್-ನವೆಂಬರಿನಲ್ಲಿ ಕಾಶ್ಮೀರ ಕಣಿವೆ ಉಳಿದದ್ದು ಅಂಥ ಕೆಲವರಿಂದ.

ಅಕ್ಟೋಬರ್ 22ರಂದು ಪಾಕಿಸ್ತಾನದ ಗಡಿನಾಡಿನ ಬುಡಕಟ್ಟುಗಳ ಪಡೆ ಲಾರಿಗಳಲ್ಲಿ ಮುಜಫರಾಬಾದಿಗೆ ನುಗ್ಗಿತು. ಅಲ್ಲಿಂದ ಝೇಲಂ ನದಿಯ ಮಗ್ಗುಲಲ್ಲೇ ಸಾಗುವ ರಸ್ತೆ ಉರಿ, ಬಾರಾಮುಲ್ಲಾಗಳನ್ನು ದಾಟಿ ನೇರ ಶ್ರೀನಗರಕ್ಕೆ ಬರುತ್ತದೆ. ತಡೆಯಲು ಕಾಶ್ಮೀರದ ಮಹಾರಾಜರ ಬಳಿ ಸೈನ್ಯವೆಂಬುದು ಹೆಚ್ಚೇನೂ ಉಳಿದಿರಲಿಲ್ಲ. ರಾಜ್ಯಸೇನೆಯ ಮುಖ್ಯಸ್ಥ ಬ್ರಿಗೇಡಿಯರ್ ರಾಜಿಂದರ್ ಸಿಂಗ್ ಕೈಗೆ ಸಿಕ್ಕ ನೂರಿನ್ನೂರು ಮಂದಿಯನ್ನು ಕಟ್ಟಿಕೊಂಡು ಉರಿಯ ಕಡೆಗೆ ಹೊರಟರು. ಗೆದ್ದು ಬರುತ್ತೇವೆಂಬ ಭ್ರಮೆ ಅವರಿಗೆ ಇದ್ದಿರಲಾರದು. ಉರಿಯ ಸೇತುವೆಯನ್ನು ಸಿಡಿಸಿ ಲಾರಿಗಳನ್ನು ನಿಲ್ಲಿಸಿದರು; ಹಿಂದೆ ಸರಿಯುತ್ತ, ಸರಿದಲ್ಲೆಲ್ಲ ಮತ್ತೆ ಹೂಡಿ ನಿಲ್ಲುತ್ತ ಹೋರಾಡಿದರು; ಕೊನೆಗೆ ಬೋನಿಯಾರ್ ಬಳಿ ಮಡಿದರು. ದಾಳಿಕೋರರಿಗೆ ಅಲ್ಲಿ ಹೋದದ್ದು ಎರಡು ದಿನಕ್ಕೂ ಹೆಚ್ಚು. ಬಾರಾಮುಲ್ಲಾದಲ್ಲಿ ಅವರು ಲೂಟಿಗಿಳಿದು ಮತ್ತಷ್ಟು ಹೊತ್ತು ಕಳೆದರು. ಆ ಊರಿನ ತರುಣ ಮಕ್ಬೂಲ್ ಶೇರ್ವಾನಿ, ನ್ಯಾಷನಲ್ ಕಾನ್ಫರೆನ್ಸಿನ ಕಾರ್ಯಕರ್ತ, ಕೈಯಲ್ಲಿ ಯಾವ ಆಯುಧವೂ ಇಲ್ಲದೆ ಸುಳ್ಳು ಹೇಳಿಯೇ ಅವರನ್ನು ದಿಕ್ಕು ತಪ್ಪಿಸಿದನೆಂದು ಕಣಿವೆಯ ಜನ ಇಂದಿಗೂ ಹೇಳುತ್ತಾರೆ. ಸುಳ್ಳು ಬಯಲಾದಾಗ ಅವರು ಅವನನ್ನು ಹಿಂಸಿಸಿ ಕೊಂದರು. ಹಿಂದೂ, ಮುಸ್ಲಿಂ, ಸಿಖ್ ಎಂಬ ಭೇದವಿಲ್ಲದೆ ತನ್ನ ಊರು ಒಂದಾಗಿರಬೇಕೆಂದು ನಂಬಿದ್ದವನು ಅವನು. ಅವನ ಬಲಿದಾನವನ್ನು ಗಾಂಧೀಜಿಯವರು ಮೆಚ್ಚಿ ಮಾತಾಡಿದರು. ಮುಲ್ಕ್‌ರಾಜ್ ಆನಂದ್ ಅವನ ಕಥೆಯನ್ನೇ ಕಾದಂಬರಿಯಾಗಿಸಿದರು.

ಹೀಗೆ ಸಿಕ್ಕ ದಿನಗಳಲ್ಲಿ ದೆಹಲಿ ಸುಮ್ಮನೆ ಕೂತಿರಲಿಲ್ಲ. 26ರಂದು ಕಾಶ್ಮೀರ ಭಾರತಕ್ಕೆ ಸೇರುವ ವಿಲೀನ ಪತ್ರಕ್ಕೆ ಮಹಾರಾಜರ ಸಹಿ ಬಿತ್ತು. ಖಾಸಗಿ ಕಂಪನಿಗಳ ವಿಮಾನಗಳನ್ನೂ ಒಟ್ಟುಗೂಡಿಸಲಾಯಿತು; 27ರ ಬೆಳಗ್ಗೆ ಒಂದನೇ ಸಿಖ್ ಪಲ್ಟಣದ ಸೈನಿಕರನ್ನು ಹೊತ್ತ ಡಕೋಟಾಗಳು ಶ್ರೀನಗರದ ಪುಟ್ಟ ವಿಮಾನ ನೆಲೆಯಲ್ಲಿ ಇಳಿದವು. ಪಲ್ಟಣದ ನಾಯಕ ಲೆಫ್ಟಿನೆಂಟ್ ಕರ್ನಲ್ ರಂಜಿತ್ ರಾಯ್ ನೆಲೆಯಲ್ಲೇ ಕಾದು ಕೂರದೆ ಬಾರಾಮುಲ್ಲಾದ ದಾರಿಯಲ್ಲೇ ಶತ್ರುವಿಗೆ ಎದುರಾದರು. ಆ ಹೋರಾಟದಲ್ಲೇ ಪ್ರಾಣ ಕೊಟ್ಟರು. ನವೆಂಬರ್ 3ರಂದು ವಿಮಾನ ನೆಲೆಯ ಸಮೀಪದ ಬಡ್ಗಾಮ್‌ನಲ್ಲಿ ಮೇಜರ್ ಸೋಮನಾಥ ಶರ್ಮರ ಕುಮಾವೂಂ ರೆಜಿಮೆಂಟಿನ ಕಂಪನಿಯ ಮೇಲೆ ಅದರ ಹಲವು ಪಟ್ಟು ದೊಡ್ಡ ಪಡೆ ಮೂರು ಕಡೆಯಿಂದ ಎರಗಿತು. ಹಾಕಿ ಆಟದಲ್ಲಿ ಮುರಿದ ಅವರ ಎಡಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ರಜೆ ಪಡೆಯಬಹುದಿತ್ತು, ಹಟ ಹಿಡಿದು ಬಂದಿದ್ದರು. ಗುಂಡಿನ ಮಳೆಯಲ್ಲೇ ಬಯಲಿಗೆ ಓಡಿ, ಮೇಲೆ ಹಾರುವ ನಮ್ಮ ವಿಮಾನಗಳಿಗೆ ಶತ್ರುವಿನ ಜಾಗ ತಿಳಿಯಲೆಂದು ಗುರುತಿನ ಬಟ್ಟೆ ಹಾಸಿದರು. ಜೊತೆಯವರು ಒಬ್ಬೊಬ್ಬರಾಗಿ ಬಿದ್ದಾಗ ಮೆಷಿನ್‌ಗನ್ನುಗಳಿಗೆ ತಾವೇ ಗುಂಡು ತುಂಬಿ ಕೊಡತೊಡಗಿದರು. ಮದ್ದುಗುಂಡಿನ ರಾಶಿಯ ಮೇಲೆ ಮಾರ್ಟರ್ ಸಿಡಿದು ಆ ಕೆಲಸದಲ್ಲೇ ಅಸುನೀಗಿದರು. ಆಗ ಅವರಿಗೆ 24 ವರ್ಷ. ಅವರು ಗಳಿಸಿಕೊಟ್ಟ ಸುಮಾರು ಆರು ಗಂಟೆಗಳಲ್ಲಿ ವಿಮಾನ ನೆಲೆ ಉಳಿಯಿತು, ಹೊಸ ತುಕಡಿಗಳು ಬಂದಿಳಿದವು. ನವೆಂಬರ್ 7ರಂದು ಶಾಲಾತೆಂಗ್‌ನಲ್ಲಿ ದಾಳಿಕೋರರು ಸೋತು ಓಡಿದರು. ಮರುದಿನ ಬಾರಾಮುಲ್ಲಾ ಬಿಡುಗಡೆಯಾಯಿತು. ಒಂದು ವರ್ಷದ ಬಳಿಕ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಝೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿ ಲೇಹ್‌ಗೆ ರಸ್ತೆ ತೆರೆಸಿದರು. ಶ್ರೀನಗರ ಕೈಬಿಟ್ಟು ಹೋಗಿದ್ದರೆ ಆ ಸಾಹಸಕ್ಕೆ ನೆಲೆಯೇ ಇರುತ್ತಿರಲಿಲ್ಲ. ರಾಜಿಂದರ್ ಸಿಂಗ್ ಮೊದಲ ಮಹಾವೀರ ಚಕ್ರಕ್ಕೆ, ಸೋಮನಾಥ ಶರ್ಮ ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದರು. ತಾವು ಉಳಿಸಿದ್ದನ್ನು ಕಾಣಲು ರಾಜಿಂದರ್ ಸಿಂಗ್, ಶೇರ್ವಾನಿ, ರಾಯ್, ಶರ್ಮ ಈ ನಾಲ್ವರಲ್ಲಿ ಒಬ್ಬರೂ ಬದುಕಿರಲಿಲ್ಲ.

ಕಷ್ಟ ಎದುರಾದಾಗ ‘ಇದನ್ನು ನಾನು ಗೆಲ್ಲಬಲ್ಲೆನೇ’ ಎಂದು ಕೇಳಿಕೊಂಡು ಎಷ್ಟೋ ಸಲ ನಾವು ಕೈಚೆಲ್ಲುತ್ತೇವೆ. ‘ಯಾರು ಬರುವವರೆಗೆ ಇದನ್ನು ಹಿಡಿದಿಡಬೇಕು’ ಎಂದು ಕೇಳಿಕೊಂಡರೆ ಅದೇ ಕೆಲಸ ನಮ್ಮ ಅಳವಿಗೆ ಬರುತ್ತದೆ; ಧೈರ್ಯಕ್ಕೂ ಒಂದು ಅಳತೆ ಸಿಗುತ್ತದೆ. ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಉರಿಯಲ್ಲಿ ಗಳಿಸಿದ ಎರಡು ದಿನಗಳನ್ನು ದೆಹಲಿ ಪತ್ರವ್ಯವಹಾರದಲ್ಲೇ ಕಳೆದುಬಿಟ್ಟಿದ್ದರೆ ಅಲ್ಲಿ ಬಿದ್ದವರ ತ್ಯಾಗ ವ್ಯರ್ಥವಾಗುತ್ತಿತ್ತು. ತಡೆದು ನಿಂತವರ ಶೌರ್ಯ ಸಾರ್ಥಕವಾಗುವುದು ಬರಬೇಕಾದವರು ಹೊತ್ತಿಗೆ ಸರಿಯಾಗಿ ಬಂದಾಗಲೇ. ನಮ್ಮ ಸಂಸಾರಗಳಲ್ಲಿ ನಾವು ಹೆಚ್ಚು ಸಲ ಇರುವುದು ಬರಬೇಕಾದವರ ಈ ಎರಡನೆಯ ಜಾಗದಲ್ಲಿ. ಊರಿನಲ್ಲಿ ವಯಸ್ಸಾದ ತಂದೆತಾಯಿಯರ ಮದ್ದು, ಊಟ, ನಿದ್ದೆಗೆಟ್ಟ ರಾತ್ರಿಗಳನ್ನು ಒಬ್ಬಳೇ ನಿಭಾಯಿಸುತ್ತಿರುವ ತಂಗಿಯನ್ನು ‘ನೀನಿದ್ದೀಯಲ್ಲ, ನಮಗೆ ಚಿಂತೆಯಿಲ್ಲ’ ಎಂದು ಫೋನಿನಲ್ಲಿ ಹೊಗಳಿ, ಬರುವ ತಿಂಗಳು ನೋಡೋಣ ಎನ್ನುತ್ತೇವೆ. ಆಕೆಯ ತಾಳ್ಮೆಯನ್ನು ದೊಡ್ಡ ಗುಣವೆಂದು ಬಣ್ಣಿಸುವುದು ಸುಲಭ. ಆ ತಾಳ್ಮೆ ನಮಗಾಗಿ ಗಳಿಸಿಕೊಟ್ಟ ಕಾಲವೆಂದು ತಿಳಿದು ಎದ್ದು ಹೊರಡುವುದು ಕರ್ತವ್ಯ. ಈ ವಾರ ಅಂಥವರೊಬ್ಬರು ಯಾರೆಂದು ಯೋಚಿಸಿ, ಅವರ ಪಾಳಿಯನ್ನು ಎರಡು ದಿನ ನಾವು ವಹಿಸಿಕೊಳ್ಳೋಣ.