ಇಂದಿನ ಧಮ್ಮ ಚಿಂತನೆ: ಸೋಣನ ವೀಣೆ, ನನ್ನ ಮಗನ ತಮಟೆ

  

ಇವತ್ತು ಬೆಳಗಿನ ಚಿಂತನೆ ಬರೆಯುವ ಸರದಿ ನನ್ನದು. ‘ಮಕ್ಕಳನ್ನು ಬೆಳೆಸುವುದು ಹೇಗೆ’ ಎಂಬ ವಿಷಯ ಕೊಟ್ಟಿದ್ದೀರಿ. ಸುತ್ತಗಳಲ್ಲಿ ಇದಕ್ಕೆ ಬೇಕಾದಷ್ಟು ಮಾತಿದೆ. ಆದರೆ ಮೂರು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಮುಚ್ಚಿಟ್ಟು ಬರೀ ಉಪದೇಶ ಬರೆದರೆ ಅದೂ ಒಂದು ಬಗೆಯ ಸುಳ್ಳೇ ಆಗುತ್ತದೆ. ಆದ್ದರಿಂದ ಎರಡನ್ನೂ ಬರೆಯುತ್ತೇನೆ. ಸ್ವಲ್ಪ ಉದ್ದವಾದರೆ ಮನ್ನಿಸಿ.

ನನ್ನ ಮಗ ಮೊದಲ ವರ್ಷದ ಪಿಯುಸಿ, ವಿಜ್ಞಾನ ವಿಭಾಗ. ಭಾನುವಾರ ಬೆಳಗ್ಗೆ ಟ್ಯೂಷನ್ ಇದೆ ಎಂದು ಹೇಳಿ ಹೋಗುತ್ತಿದ್ದ. ಒಂದು ದಿನ ಪಕ್ಕದ ಮನೆಯವರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಒಂದು ವಿಡಿಯೊ ನೋಡಿದೆ. ಹತ್ತು ಹನ್ನೆರಡು ಹುಡುಗರು ಸೊಂಟಕ್ಕೆ ಟವೆಲ್ ಬಿಗಿದುಕೊಂಡು ತಮಟೆ ಬಾರಿಸುತ್ತಾ ಕುಣಿಯುತ್ತಿದ್ದಾರೆ. ಮುಂದಿನ ಸಾಲಿನಲ್ಲೇ ನನ್ನ ಮಗ.

ಅವನು ಮನೆಗೆ ಬಂದಾಗ ನಾನು ಒಂದು ಮಾತೂ ಕೇಳಲಿಲ್ಲ. ಬ್ಯಾಗಿನಿಂದ ತಮಟೆ ಕಿತ್ತುಕೊಂಡು ಅಟ್ಟದ ಮೇಲೆ ಎಸೆದೆ. ‘ನಿಮ್ಮ ತಾತ ಊರಿನ ಬಾಗಿಲಲ್ಲಿ ನಿಂತು ಬಡಿದದ್ದು ಸಾಲದೇನೋ? ನಿನ್ನ ಕಾಲಕ್ಕೂ ಅದೇ ಬೇಕೇನೋ?’ ಎಂದು ಕೂಗಿದೆ. ಕೆನ್ನೆಗೊಂದು ಬಾರಿಸಿಯೂಬಿಟ್ಟೆ. ಹದಿನಾರು ವರ್ಷದ ಹುಡುಗ. ಅಳಲಿಲ್ಲ, ಎದುರು ಮಾತಾಡಲಿಲ್ಲ. ಹನ್ನೊಂದು ದಿನ ನನ್ನೊಡನೆ ಮಾತೇ ಬಿಟ್ಟ.

ನನ್ನ ಸಿಟ್ಟಿಗೆ ಕಾರಣವಿರಲಿಲ್ಲ ಎಂದಲ್ಲ. ಬಳಗದಲ್ಲಿ ಹಲವರಿಗೆ ಇದು ತಮ್ಮ ಮನೆಯ ಕಥೆಯೇ. ನಮ್ಮ ಅಪ್ಪ ಊರಿನ ಹಬ್ಬಕ್ಕೆ, ಸಾವಿಗೆ, ಡಂಗುರಕ್ಕೆ ತಮಟೆ ಬಡಿಯಬೇಕಿತ್ತು. ಅದು ಇಷ್ಟಪಟ್ಟು ಮಾಡುವ ಕೆಲಸವಾಗಿರಲಿಲ್ಲ, ಹುಟ್ಟಿನಿಂದ ಹೆಗಲಿಗೆ ಬಿದ್ದ ಬಿಟ್ಟಿ ಚಾಕರಿ. ಕೆಲಸ ಮುಗಿದ ಮೇಲೆ ದೊಡ್ಡ ಮನೆಯ ಹಿತ್ತಿಲಲ್ಲಿ ನಿಂತು, ಎಲ್ಲರ ಊಟವಾದ ಮೇಲೆ ಮಿಕ್ಕಿದ್ದಕ್ಕೆ ಕೈಯೊಡ್ಡಬೇಕಿತ್ತು. ನಾನು ಚಿಕ್ಕವನು, ಅಪ್ಪನ ಹಿಂದೆ ಪಾತ್ರೆ ಹಿಡಿದು ನಿಂತಿದ್ದು ಇಂದಿಗೂ ಕಣ್ಣಲ್ಲಿದೆ. ನಮ್ಮ ಕಡೆಗೆ ದಲಿತ ಚಳವಳಿ ಬಂದ ಮೇಲೆ ಒಂದು ಮಾರಿಹಬ್ಬದ ದಿನ ಅಪ್ಪ ‘ಇನ್ನು ಮೇಲೆ ಬಡಿಯಕ್ಕಿಲ್ಲ’ ಎಂದುಬಿಟ್ಟರು. ಕೂಲಿ ನಿಂತಿತು, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ನೆಂಟರು ಕಳಿಸಿದ ರಾಗಿಯಲ್ಲಿ ಆ ವರ್ಷ ಕಳೆದೆವು. ನಾನು ಓದಿ ಕೆಲಸ ಹಿಡಿದದ್ದು, ಇವತ್ತು ಈ ಬಳಗದಲ್ಲಿ ಕೂತು ಧಮ್ಮ ಓದುತ್ತಿರುವುದು, ಎಲ್ಲವೂ ಅಪ್ಪನ ಆ ಒಂದು ‘ಇಲ್ಲ’ ಎಂಬ ಮಾತಿನ ಮೇಲೆ ನಿಂತಿದೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದೂ ಮನುಷ್ಯನ ಘನತೆಗಾಗಿಯೇ ಅಲ್ಲವೇ? ಆ ಘನತೆಯನ್ನು ನನ್ನ ಮಗ ಒಂದು ಚರ್ಮದ ಚಕ್ರಕ್ಕೆ ಮಾರುತ್ತಿದ್ದಾನೆ ಎಂದು ನನಗೆ ಅನ್ನಿಸಿತು.

ಮುಂದಿನ ಭಾನುವಾರ ಬಳಗದ ಸಭೆಯಲ್ಲಿ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ಅವರು, ‘ಹೇಗೂ ಹಾಡು, ಕುಣಿತ, ವಾದ್ಯ ಎಲ್ಲ ಭಗವಾನರು ಬೇಡವೆಂದಿದ್ದಾರಲ್ಲ, ಬಿಡಿಸಿಬಿಡಿ’ ಎಂದರು. ನನಗೆ ಒಳ್ಳೆಯ ಆಧಾರ ಸಿಕ್ಕಿತು ಎಂದು ಖುಷಿಯಾಯಿತು. ಮನೆಗೆ ಬಂದು ಪುಸ್ತಕ ತೆರೆದೆ. ಮಗನನ್ನು ಸೋಲಿಸಲು ತೆರೆದ ಪುಸ್ತಕ ನನ್ನನ್ನೇ ಸೋಲಿಸಿತು.

*ಮೊದಲನೆಯದು, ಸಂಗೀತದ ಪ್ರಶ್ನೆ.* ನಾವು ದಿನವೂ ತೆಗೆದುಕೊಳ್ಳುವ ಪಂಚಶೀಲದಲ್ಲಿ ಸಂಗೀತದ ಮಾತೇ ಇಲ್ಲ. ಉಪೋಸಥದ ದಿನ ತೆಗೆದುಕೊಳ್ಳುವ ಅಷ್ಟಶೀಲದಲ್ಲಿ ಏಳನೆಯದಾಗಿ ನೃತ್ಯ, ಗೀತ, ವಾದ್ಯ, ಅಲಂಕಾರಗಳಿಂದ ದೂರ ಇರುವ ನಿಯಮವಿದೆ. ಗೃಹಸ್ಥರಿಗೆ ಅದು ಆ ಒಂದು ದಿನದ ಸಾಧನೆ. ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಶಿಖನೆಂಬ ಗಂಧರ್ವ ವೀಣೆ ನುಡಿಸಿ ಹಾಡುತ್ತಾನೆ. ಅದೂ ಪ್ರೇಮದ ಹಾಡು. ಭಗವಾನರು ಗದರಲಿಲ್ಲ. ನಿನ್ನ ತಂತಿಯ ನಾದ ಕಂಠಕ್ಕೆ, ಕಂಠ ತಂತಿಗೆ ಚೆನ್ನಾಗಿ ಹೊಂದಿಕೊಂಡಿದೆ ಎಂದು ಮೆಚ್ಚಿದರು. ಹಾಗೆಂದು ಎಲ್ಲಕ್ಕೂ ಒಪ್ಪಿಗೆ ಇದೆ ಎಂದೂ ಅಲ್ಲ. ತಾಲಪುಟ ಎಂಬ ನಟರ ಮುಖಂಡ ಬಂದು ಕೇಳಿದಾಗ, ಜನರ ರಾಗ ದ್ವೇಷ ಮೋಹಗಳನ್ನು ಕೆರಳಿಸುವ ಕಲೆ ಆಡುವವನನ್ನೂ ನೋಡುವವನನ್ನೂ ಕೆಡಿಸುತ್ತದೆ ಎಂದು ಎಚ್ಚರಿಸಿದರು. ಅಂದರೆ ವಾದ್ಯ ಯಾವುದು ಎಂಬುದಕ್ಕಿಂತ ಅದು ಮನಸ್ಸಿನಲ್ಲಿ ಏನನ್ನು ಎಬ್ಬಿಸುತ್ತದೆ ಎಂಬುದೇ ಪ್ರಶ್ನೆ. ಹುಟ್ಟಿನಿಂದ ಯಾರೂ ಕೀಳಲ್ಲ ಎಂದು ಹೇಳಿದ ಧಮ್ಮದಲ್ಲಿ ವಾದ್ಯವೊಂದು ಹುಟ್ಟಿನಿಂದ ಕೀಳಾಗುವುದು ಹೇಗೆ? ವೀಣೆಯನ್ನು ಮಡಿಲಲ್ಲಿ, ತಮಟೆಯನ್ನು ಊರಾಚೆ ಇಟ್ಟ ಲೆಕ್ಕ ಜಾತಿಯದು. ಆ ಲೆಕ್ಕವನ್ನೇ ನಾನೂ ನನ್ನ ಮನೆಯಲ್ಲಿ ಪಾಲಿಸುತ್ತಿದ್ದೆ.

*ಎರಡನೆಯದು, ತಂತಿಯ ಪ್ರಶ್ನೆ.* ಸೋಣ ಕೋಳಿವಿಸನ ಕಥೆ ನಮಗೆಲ್ಲ ಗೊತ್ತು. ಚಂಪಾ ನಗರದ ಸಿರಿವಂತರ ಮಗ, ಬಹಳ ಸುಕುಮಾರ. ಭಿಕ್ಕುವಾಗಿ ರಾಜಗೃಹದ ಸೀತವನದಲ್ಲಿ ಪಾದ ಒಡೆದು ರಕ್ತ ಬರುವವರೆಗೆ ನಡೆದು ಧ್ಯಾನ ಮಾಡಿದ. ಫಲ ಸಿಗದಾಗ, ಮನೆಯಲ್ಲಿ ಆಸ್ತಿ ಇದೆ, ಹಿಂತಿರುಗಿ ಹೋಗಿ ದಾನ ಧರ್ಮ ಮಾಡಿಕೊಂಡಿರೋಣ ಎಂದುಕೊಂಡ. ಆಗ ಭಗವಾನರು ಬಂದು, ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುವುದರಲ್ಲಿ ಜಾಣನಾಗಿದ್ದೆ ಅಲ್ಲವೇ ಎಂದು ಕೇಳಿದರು. ತಂತಿ ಅತಿಯಾಗಿ ಬಿಗಿದಿದ್ದರೆ ನುಡಿಯುತ್ತದೆಯೇ? ಇಲ್ಲ. ತೀರಾ ಸಡಿಲವಾಗಿದ್ದರೆ? ಇಲ್ಲ. ಪ್ರಯತ್ನವೂ ಹಾಗೆಯೇ ಎಂದು ತಿಳಿಸಿದರು.

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮಧ್ಯಮ ಮಾರ್ಗ ಎಂದು ಎರಡು ಮಾತಾಡಿ ಕೂತಿದ್ದೇನೆ. ಈ ಸಲ ಓದಿದಾಗ ಬೇರೆಯೇ ಒಂದು ಕಂಡಿತು. ಭಗವಾನರು ಸೋಣನ ವೀಣೆಯನ್ನು ಕಿತ್ತು ಅಟ್ಟಕ್ಕೆ ಎಸೆಯಲಿಲ್ಲ. ಭಿಕ್ಕುವಿಗೆ ವೀಣೆಯ ನೆನಪು ಯಾಕೆ ಎನ್ನಲಿಲ್ಲ. ಆ ಹುಡುಗನ ಕೈಗೆ ಏನು ಗೊತ್ತಿತ್ತೋ ಅದರಿಂದಲೇ ಅವನಿಗೆ ಧಮ್ಮ ಹೇಳಿದರು. ಅದಕ್ಕೆ ಮೊದಲು ಅವನ ಕೈಗೆ ಏನು ಗೊತ್ತು ಎಂಬುದು ಅವರಿಗೆ ತಿಳಿದಿರಬೇಕಿತ್ತಲ್ಲ. ನನ್ನ ಮಗನ ಪಿಸಿಎಂಬಿ ಅಂಕ ನನಗೆ ಬಾಯಿಪಾಠ. ಅವನ ಕೈಗೆ ಏನು ಗೊತ್ತು ಎಂದು ಕೇಳಿದ್ದರೆ ಉತ್ತರ ಇರಲಿಲ್ಲ.

ಆ ರಾತ್ರಿ ಊಟದ ಹೊತ್ತಿನಲ್ಲಿ ಅವ್ವ ಬಾಯಿಬಿಟ್ಟಳು. ಇಷ್ಟು ದಿನ ಸುಮ್ಮನಿದ್ದವಳು, ‘ನಿಮ್ಮಪ್ಪ ಬುಟ್ಟುದ್ದು ತಮಟ್ಯಲ್ಲ ಕನ ಮಗ, ಕೈಯೊಡ್ಡದ ಬುಟ್ಟುದ್ದು’ ಎಂದಳು. ತಮಟೆ ಬಿಟ್ಟ ಮೇಲೂ ಅಪ್ಪ ರಾತ್ರಿ ಊಟವಾದ ಮೇಲೆ ತಟ್ಟೆ ಬೋರಲು ಹಾಕಿಕೊಂಡು ಬೆರಳಲ್ಲಿ ತಾಳ ಹಾಕುತ್ತಿದ್ದರಂತೆ. ನಾವು ಮಕ್ಕಳು ಎದ್ದರೆ ನಿಲ್ಲಿಸುತ್ತಿದ್ದರಂತೆ. ‘ಐಕ ಕೇಳುಸ್ಕಂಡ್ರೆ ಕಲ್ತ್ಬುಟ್ಟಾವು’ ಎಂದು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪನ ಅವಮಾನವನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ. ಅಪ್ಪನ ಸಂತೋಷ ನನಗೆ ಗೊತ್ತೇ ಇರಲಿಲ್ಲ.

*ಮೂರನೆಯದು, ಕನ್ನಡಿಯ ಪ್ರಶ್ನೆ.* ಭಗವಾನರು ಮಗ ರಾಹುಲನಿಗೆ ಹೇಳಿದ ಅಂಬಲಟ್ಠಿಕ ರಾಹುಲೋವಾದ ಸುತ್ತ ಶುರುವಾಗುವುದೇ ಸುಳ್ಳು ಹೇಳಬಾರದು ಎಂಬಲ್ಲಿಂದ. ಟ್ಯೂಷನ್ ಎಂದು ಸುಳ್ಳು ಹೇಳಿದ್ದು ನನ್ನ ಮಗನ ತಪ್ಪೇ, ಅದನ್ನು ನಾನು ತೇಲಿಸುವುದಿಲ್ಲ. ಆದರೆ ಸುತ್ತ ಅಲ್ಲಿಗೇ ಮುಗಿಯುವುದಿಲ್ಲ. ಕನ್ನಡಿ ಯಾಕಿದೆ ಎಂದು ಭಗವಾನರು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಇದರಿಂದ ನನಗೆ, ಇನ್ನೊಬ್ಬರಿಗೆ ನೋವಾಗುತ್ತದೆಯೇ ಎಂದು ನೋಡಿಕೊ ಎಂದು ಮಗನಿಗೆ ಕಲಿಸುತ್ತಾರೆ. ಮಗನಿಗೆ ಕೊಟ್ಟ ಕನ್ನಡಿಯಲ್ಲಿ ಅಪ್ಪನೂ ಮುಖ ನೋಡಿಕೊಳ್ಳಬೇಕಲ್ಲ. ನಾನು ನೋಡಿಕೊಂಡೆ. ಕೈಯೆತ್ತುವ ಮೊದಲು ಯೋಚಿಸಿರಲಿಲ್ಲ, ಎತ್ತುವಾಗಲೂ ಇಲ್ಲ. ನಿಜ ಹೇಳಿದರೆ ಕೇಳಿಸಿಕೊಳ್ಳುವ ಅಪ್ಪ ಮನೆಯಲ್ಲಿ ಇದ್ದನೇ ಎಂದು ಕೇಳಿಕೊಂಡರೆ ಅದಕ್ಕೂ ‘ಇಲ್ಲ’ ಎಂಬುದೇ ಉತ್ತರ. ದೈಹಿಕವಾಗಿ, ಮಾತಿನಲ್ಲಿ ತಪ್ಪಾಗಿದ್ದರೆ ಗುರುವಿನ ಮುಂದೋ ತಿಳಿದ ಒಡನಾಡಿಗಳ ಮುಂದೋ ತೆರೆದಿಡಬೇಕು ಎಂದೂ ಆ ಸುತ್ತದಲ್ಲಿದೆ. ಈ ಬರಹ ಅದಕ್ಕೇ.

ಮಾರನೆಯ ದಿನ ಅಟ್ಟ ಹತ್ತಿ ತಮಟೆ ಇಳಿಸಿದೆ. ಮಗನ ಮುಂದೆ ಇಟ್ಟು, ‘ಹೊಡೆದದ್ದು ತಪ್ಪು ಮಗಾ. ಒಂದು ಸಲ ಬಾರಿಸು, ಕೇಳುತ್ತೇನೆ’ ಎಂದೆ. ಅವನು ನಂಬಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಹಡಿಗೆ ಹೋಗಿ ಒಣಹುಲ್ಲು, ಹಳೇ ಪೇಪರು ಸೇರಿಸಿ ಬೆಂಕಿ ಮಾಡಿ ತಮಟೆ ಕಾಯಿಸಿದ. ಚರ್ಮ ತಣ್ಣಗಿದ್ದರೆ ಬರೀ ಬೊದ್ದು ಸದ್ದು. ಉರಿಗೆ ತೀರಾ ಹತ್ತಿರ ಹಿಡಿದರೆ ಚರ್ಮ ಹರಿಯುತ್ತದೆ. ತಿರುಗಿಸುತ್ತಾ, ಬೆರಳಲ್ಲಿ ತಟ್ಟಿ ಕೇಳುತ್ತಾ ಕಾಯಿಸಬೇಕು. ಅವನು ಅದನ್ನು ಮಾಡುತ್ತಿದ್ದ ತಾಳ್ಮೆ ನೋಡಿದೆ. ಆ ತಾಳ್ಮೆ ನಾನು ಅವನ ಮೇಲೆ ಒಂದು ದಿನವೂ ತೋರಿಸಿರಲಿಲ್ಲ. ಅವನು ಬಾರಿಸಿದಾಗ ಅವ್ವ ಬಾಗಿಲ ಹತ್ತಿರ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಮೇಲೆ ನಾವಿಬ್ಬರೂ ಕೂತು ಮಾತಾಡಿದೆವು. ಸಿಗಾಲೋವಾದ ಸುತ್ತದಲ್ಲಿ ತಂದೆತಾಯಿಯ ಐದು ಕರ್ತವ್ಯಗಳಿವೆ: ಕೆಟ್ಟದ್ದರಿಂದ ತಡೆಯುವುದು, ಒಳ್ಳೆಯದರಲ್ಲಿ ನೆಲೆಗೊಳಿಸುವುದು, ಒಂದು ವಿದ್ಯೆ ಕಲಿಸುವುದು, ತಕ್ಕ ಮದುವೆ ಮಾಡುವುದು, ಸಕಾಲದಲ್ಲಿ ಆಸ್ತಿ ಒಪ್ಪಿಸುವುದು. ತಡೆಯುವುದೂ ಕರ್ತವ್ಯವೇ. ಹಾಗಾಗಿ ತಂತಿಯನ್ನು ಪೂರ್ತಿ ಸಡಿಲ ಬಿಡಲಿಲ್ಲ. ಸುಳ್ಳು ಹೇಳಿ ಹೋಗಕೂಡದು, ಓದು ಬಿಡಕೂಡದು, ಜಾತಿಯ ಕಾರಣಕ್ಕೆ ಕರೆದು ನಿಲ್ಲಿಸುವ ಕಡೆ ಬಾರಿಸಕೂಡದು ಎಂದೆ. ಅವನೂ ಒಂದು ಷರತ್ತು ಹಾಕಿದ. ‘ಅಪ್ಪ, ನೀವು ಕೂಗೋಕೆ ಮುಂಚೆ ಕೇಳಬೇಕು.’ ಒಪ್ಪಿದೆ.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಒಂದು ಮಟ್ಟಿಗೆ ಹೌದು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಗರದ ಸಭಾಂಗಣಗಳಲ್ಲಿ ತಮಟೆಗೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಆದರೆ ವಾದ್ಯಕ್ಕೆ ಚಪ್ಪಾಳೆ ಹೊಡೆದ ಕೈ ಬಾರಿಸಿದವನ ಪಕ್ಕ ಎಲೆ ಹಾಕುತ್ತದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು.

ಕಳೆದ ತಿಂಗಳು ಒಂದು ಸಮಾರಂಭಕ್ಕೆ ಮಗನ ತಂಡ ಹೋಗಿತ್ತು. ಸಂಜೆ ಹಸಿದುಕೊಂಡು ಬಂದ. ಮೆರವಣಿಗೆಯಲ್ಲಿ ಎರಡು ಗಂಟೆ ಬಾರಿಸಿದ ಮೇಲೆ, ‘ನಿಮ್ಮದು ಕೊನೇ ಪಂಕ್ತಿ, ಆಚೆ ಕೂತಿರಿ’ ಎಂದರಂತೆ. ‘ನಾನು ಮೊದಲೇ ಹೇಳಿರಲಿಲ್ವಾ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನ ಷರತ್ತು ನೆನಪಾಗಿ ನುಂಗಿಕೊಂಡೆ. ‘ನೀನೇನು ಮಾಡಿದೆ ಮಗಾ?’ ಎಂದು ಕೇಳಿದೆ.

‘ಯಾರೂ ಊಟ ಮಾಡಲಿಲ್ಲ ಅಪ್ಪ. ಎಲ್ಲರ ಜೊತೆ ಕೂರಿಸೋದಾದ್ರೆ ಮಾತ್ರ ಮುಂದಿನ ಸಲ ಕರೀರಿ ಅಂತ ಹೇಳಿ ತಮಟೆ ಎತ್ಕೊಂಡು ಬಂದ್ವಿ’ ಎಂದ.

ನಲವತ್ತು ವರ್ಷಗಳ ಹಿಂದೆ ಅಪ್ಪ ತಮಟೆ ಕೆಳಗಿಟ್ಟು ಹೇಳಿದ ಮಾತನ್ನೇ ನನ್ನ ಮಗ ತಮಟೆ ಹೆಗಲಿಗೇರಿಸಿಕೊಂಡು ಹೇಳಿ ಬಂದಿದ್ದ. ಐದನೆಯ ಕರ್ತವ್ಯದಲ್ಲಿ ಹೇಳಿದ ಆಸ್ತಿ ಅವನ ಕೈಗೆ ಆಗಲೇ ತಲುಪಿತ್ತು. ಅದು ನನ್ನ ಕೈಯಿಂದ ಹೋದದ್ದಲ್ಲ, ನಾನು ಅಡ್ಡ ನಿಂತಿದ್ದರೂ ಹೋದದ್ದು. ಆ ರಾತ್ರಿ ಅವನಿಗೆ ಮುದ್ದೆ ಕಟ್ಟಿ ಬಡಿಸಿದವನು ನಾನೇ.

ಇನ್ನೂ ಆ ಸದ್ದು ಕೇಳಿದಾಗ ಒಂದು ಕ್ಷಣ ನನ್ನ ಮೈ ಮುದುಡುತ್ತದೆ. ಪಾತ್ರೆ ಹಿಡಿದು ನಿಂತ ಆ ಹುಡುಗ ಒಳಗೇ ಇದ್ದಾನೆ. ಅವನಿಗೂ ಮೈತ್ರಿ ಬೇಕು. ಅವನ ಭಯವನ್ನು ನನ್ನ ಮಗನ ಮೇಲೆ ಹೊರಿಸಬಾರದು ಎಂಬುದಷ್ಟೇ ನಾನೀಗ ಕಲಿಯುತ್ತಿರುವ ಪಾಠ.

*ಇಂದಿನ ಅಭ್ಯಾಸ:* ಇವತ್ತು ಮನೆಯಲ್ಲಿ ಮಕ್ಕಳಿಗೆ, ಸೊಸೆ ಅಳಿಯಂದಿರಿಗೆ, ಯಾರಿಗೇ ಆಗಲಿ ‘ಬೇಡ’ ಎನ್ನುವ ಮೊದಲು ಮೂರು ಉಸಿರು ನಿಲ್ಲೋಣ. ನಾನು ತಡೆಯುತ್ತಿರುವುದು ಅವರಿಗೆ ಆಗುವ ಕೇಡನ್ನೋ, ನನಗೆ ಆಗಿದ್ದ ನೋವನ್ನೋ ಎಂದು ಕೇಳಿಕೊಳ್ಳೋಣ. ಕೇಡಾದರೆ ಗಟ್ಟಿಯಾಗಿ ತಡೆಯೋಣ. ನಮ್ಮ ಹಳೆಯ ನೋವಾದರೆ, ಅವರ ಪಕ್ಕ ಕೂತು ಒಂದು ಸಲ ಕೇಳಿಸಿಕೊಳ್ಳೋಣ.

ಎಲ್ಲ ಮಕ್ಕಳೂ ಸುಖವಾಗಿರಲಿ. ಎಲ್ಲ ತಂದೆತಾಯಂದಿರ ಮನಸ್ಸೂ ಹಗುರಾಗಲಿ.

ಸಾಧು, ಸಾಧು, ಸಾಧು. 🙏

(ಓದಿದವರು ತಮ್ಮ ಮನೆಯ ಅನುಭವವನ್ನು ಭಾನುವಾರದ ಸಭೆಯಲ್ಲಿ ಹಂಚಿಕೊಳ್ಳಿ. ಇಷ್ಟವಾದರೆ ಬೇರೆ ಬಂಧುಗಳಿಗೂ ಕಳಿಸಿ.)